ಪಿ0118 ಕೋಡ್ (ಕೂಲೆಂಟ್ ಸೆನ್ಸರ್ ಸರ್ಕ್ಯೂಟಿನ ದೋಷ): ಸೆನ್ಸರ್ ಬದಲಿಸಿದರೂ ಹೋಗುತ್ತಿಲ್ಲ

ಪ್ರಶ್ನೆ:
2009ರ ಪೆಟ್ರೋಲ್ ಕಾರು. ಬೆಳಿಗ್ಗೆ ಸ್ಟಾರ್ಟ್ ಆಗೋದು ಕಷ್ಟ, ಕಪ್ಪು ಹೊಗೆ, ಮೈಲೇಜ್ ಬಿದ್ದುಹೋಗಿದೆ, ಇಂಜಿನ್ ತಣ್ಣಗಿದ್ದರೂ ರೇಡಿಯೇಟರ್ ಫ್ಯಾನ್ ತಿರುಗುತ್ತಲೇ ಇರುತ್ತದೆ. ಕೂಲೆಂಟ್ ಸೆನ್ಸರ್ (ಇಂಜಿನ್ ತಂಪಾಗಿಸುವ ದ್ರವದ ಬಿಸಿ ಅಳೆಯುವುದು) ಹೊಸದು ಹಾಕಿಸಿದೆ, ಎರಡೇ ದಿನಕ್ಕೆ ಚೆಕ್ ಇಂಜಿನ್ ಲೈಟ್ ಮತ್ತೆ ಬಂತು. ಮೆಕ್ಯಾನಿಕ್ ಇಸಿಎಂ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸೋಣ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ 1:
ಸರ್, ಸುಮ್ನೆ ಇಸಿಎಂಗೆ ದುಡ್ಡು ಸುರಿಯಬೇಡಿ. ಸ್ಕ್ಯಾನರ್‌ನಲ್ಲಿ ಕೂಲೆಂಟ್ ತಾಪಮಾನದ ಲೈವ್ ಡೇಟಾ ನೋಡಿ. ಮೈನಸ್ 40 ಡಿಗ್ರಿ ತೋರಿಸಿದರೆ ಸರ್ಕ್ಯೂಟ್ ಎಲ್ಲೋ ಕಟ್ ಆಗಿದೆ. ಎರಡು ವೈರಿನ ಸೆನ್ಸರ್ ತಾನೆ? ಕನೆಕ್ಟರ್ ಬಿಚ್ಚಿ, ವೈರಿನ ಕಡೆಯ ಎರಡೂ ಪಿನ್ ಒಂದು ತುಂಡು ವೈರಿನಿಂದ ಜೋಡಿಸಿ. ರೀಡಿಂಗ್ ಪಟ್ಟನೆ ಮೇಲೆ ಹೋದರೆ ವೈರಿಂಗ್, ಇಸಿಎಂ ಎರಡೂ ಸರಿ ಇವೆ.

ಉತ್ತರ 2:
ಸೆನ್ಸರನ್ನೂ ಮೀಟರ್ ಹಿಡಿದು ನೋಡಿ. ಸಾಮಾನ್ಯವಾಗಿ ತಣ್ಣಗಿದ್ದಾಗ 2-3 ಕಿಲೋಓಮ್, ಬಿಸಿಯಾದ ಮೇಲೆ 300 ಓಮ್ ಆಸುಪಾಸು ಇರುತ್ತದೆ. ಹೊಸದು ಅಂದಮಾತ್ರಕ್ಕೆ ನಂಬಬೇಡಿ.

ಪ್ರಶ್ನೆ ಕೇಳಿದವರು:
ಮೈನಸ್ 40 ಇತ್ತು, ಪಿನ್ ಜೋಡಿಸಿದರೂ ಕದಲಲಿಲ್ಲ. ಟೇಪ್ ಬಿಚ್ಚಿದರೆ ಕನೆಕ್ಟರಿನಿಂದ ಎರಡು ಇಂಚು ಹಿಂದೆ ಹಸಿರು ಕಿಲುಬು, ಒಳಗೆ ತಾಮ್ರ ಪೂರ್ತಿ ತುಂಡು! ಬೆಸುಗೆ ಹಾಕಿಸಿದೆ. ಈಗ ತಣ್ಣಗಿರುವಾಗ 27 ತೋರಿಸುತ್ತಿದೆ, ಫ್ಯಾನೂ ನಿಂತಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.