ಐಯಾನ್ ಕ್ರೊಮ್ಯಾಟೋಗ್ರಫಿ: ಉಪ್ಪು ಬಾವಿ ನೀರಲ್ಲಿ ನೈಟ್ರೈಟ್ ಸಿಗ್ತಿಲ್ಲ, ಸಹಾಯ ಬೇಕು
ಗೋವಾದ ಕನ್ನಡ ಲ್ಯಾಬ್ ಮಿತ್ರರೇ, ವಾಸ್ಕೋ ಕಡಲ ದಂಡೆಯ ಬಾವಿ ನೀರಲ್ಲಿ ಐಯಾನ್ ಕ್ರೊಮ್ಯಾಟೋಗ್ರಫಿಯಿಂದ (ಕರಗಿದ ಐಯಾನುಗಳನ್ನು ಕಾಲಮ್‌ನಲ್ಲಿ ಬೇರ್ಪಡಿಸಿ ಅಳೆಯೋ ವಿಧಾನ) ನೈಟ್ರೈಟ್ ನೋಡಬೇಕು. ಎಲುಯೆಂಟ್ (ಕಾಲಮ್ ಮೂಲಕ ಹರಿಸೋ ದ್ರಾವಣ) 3.2 ಮಿಲಿಮೋಲಾರ್ ಸೋಡಿಯಂ ಕಾರ್ಬೊನೇಟ್, 1.0 ಬೈಕಾರ್ಬೊನೇಟ್, ನಿಮಿಷಕ್ಕೆ 0.7 ಮಿ.ಲೀ. 18.2 ಮೆಗಾಓಮ್ ಅತಿಶುದ್ಧ ನೀರು, 0.45 ಮೈಕ್ರಾನ್ ಫಿಲ್ಟರ್, ಡೀಗ್ಯಾಸ್ ಎಲ್ಲ ಆಗಿದೆ. ಸ್ಟ್ಯಾಂಡರ್ಡ್‌ನಲ್ಲಿ (ಪ್ರಮಾಣ ಗೊತ್ತಿರೋ ಮಿಶ್ರಣ) ಏಳೂ ಐಯಾನಿನ ಪೀಕ್ ಚೊಕ್ಕ. ಸ್ಯಾಂಪಲ್ ಹಾಕಿದರೆ ಮಾತ್ರ ಕ್ಲೋರೈಡಿನ ಬಾಲ ನೈಟ್ರೈಟನ್ನು ನುಂಗಿಬಿಡುತ್ತೆ. 50 ಪಟ್ಟು ಡೈಲ್ಯೂಟ್ ಮಾಡಿದರೆ ನೈಟ್ರೈಟೇ ಮಾಯ!

ಅದಕ್ಕೇ ಕ್ಲೋರೈಡ್ ಹಿಡಿಯೋ ಸಿಲ್ವರ್ ಕಾರ್ಟ್ರಿಡ್ಜ್, ಸೋರಿದ ಬೆಳ್ಳಿ ಕಾಲಮ್‌ಗೆ ಹೋಗದಂತೆ ಅದರ ಬೆನ್ನಿಗೇ ಎಚ್ (ಹೈಡ್ರೋಜನ್ ರೂಪದ) ಕಾರ್ಟ್ರಿಡ್ಜ್ ಜೋಡಿಸಿ, ಮೊದಲ 3 ಮಿ.ಲೀ. ಚೆಲ್ಲಿದೆ. ಕ್ಲೋರೈಡ್ ಇಳಿಯಿತು, ಆದರೆ ಸ್ಪೈಕ್ ಮಾಡಿದ (ಅಳೆದು ಸೇರಿಸಿದ) ನೈಟ್ರೈಟ್ 60% ಅಷ್ಟೇ ವಾಪಸ್. ಎಚ್ ಕಾರ್ಟ್ರಿಡ್ಜ್ ಸ್ಯಾಂಪಲ್ಲನ್ನು ಆಸಿಡಿಕ್ ಮಾಡಿ ನೈಟ್ರೈಟ್ ಕೆಡಿಸುತ್ತಿದೆ ಅಂತ ನನ್ನ ಗುಮಾನಿ. ಬದಲಿಗೆ ಸೋಡಿಯಂ ಕಾರ್ಟ್ರಿಡ್ಜ್ ಬಳಸಿದವರಿದ್ದೀರಾ? ಇಲ್ಲಾ, ಕ್ಲೋರೈಡ್ ಕಣ್ಣಿಗೇ ಬೀಳದ ಯುವಿ ಡಿಟೆಕ್ಟರ್‌ಗೆ (215 ನ್ಯಾನೊಮೀಟರ್) ಹೋಗೋದೇ ವಾಸಿಯಾ?