ಹಳೆ ಐ5 ಕಂಪ್ಯೂಟರ್‌ಗೆ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಹಾಕಬಹುದಾ?

ಪ್ರಶ್ನೆ (ಶಿವಮೊಗ್ಗದಿಂದ):
ನಮಸ್ಕಾರ. ಪಿಯುಸಿ ಪರೀಕ್ಷೆ ಮುಗಿಸು, ಗೇಮ್ ಆಡೋಕೆ ಕಂಪ್ಯೂಟರ್ ಮಾಡಿಕೊಡ್ತೀನಿ ಅಂತ ತಮ್ಮನಿಗೆ ಮಾತು ಕೊಟ್ಟಿದ್ದೆ. ಹೊಸದು ತರುವಷ್ಟು ದುಡ್ಡಿಲ್ಲ. ಅಪ್ಪನ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದ ಕಂಪ್ಯೂಟರ್ ಅಟ್ಟದ ಮೇಲಿತ್ತು, ಇಳಿಸಿದ್ದೇನೆ. ಐ5-3470 ಪ್ರೊಸೆಸರ್, 4 ಜಿಬಿಯ ಒಂದೇ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಗೆಳೆಯ ತನ್ನ ಹಳೆ ಜಿಟಿಎಕ್ಸ್ 1050 ಟಿಐ ಕಾರ್ಡ್ ಕೊಡುತ್ತಾನೆ. ಕೈಯಲ್ಲಿರುವುದು 5,000 ರೂಪಾಯಿ. ತಮ್ಮನಿಗೆ ಜಿಟಿಎ 5 ಆಡಬೇಕು. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಕ್ಯಾಬಿನೆಟ್ ಜೊತೆಗೇ ಬಂದದ್ದು, ಮೇಲೆ 450 ವ್ಯಾಟ್ ಅಂತ ದಪ್ಪಕ್ಷರದಲ್ಲಿದೆ. ಅದು ಸಾಕಾಗುತ್ತಾ? ದುಡ್ಡು ಮೊದಲು ಯಾವುದಕ್ಕೆ ಹಾಕಲಿ?

ಉತ್ತರ 1 (ಹುಬ್ಬಳ್ಳಿಯಿಂದ):
ಆ 450 ನಂಬಬೇಡಿ. ಪಕ್ಕದ ತಗಡು ಬಿಚ್ಚಿ, ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿ. +12ವಿ ಕೆಳಗೆ ಎಷ್ಟು ಆಂಪಿಯರ್ ಬರೆದಿದೆ?

ಪ್ರಶ್ನೆ ಕೇಳಿದವರು:
14 ಅಂತ ಇದೆ ಸರ್.

ಉತ್ತರ 1:
ಪ್ರೊಸೆಸರ್, ಕಾರ್ಡ್ ಎರಡೂ ಮುಖ್ಯವಾಗಿ ಆ 12 ವೋಲ್ಟ್ ಲೈನಿನಿಂದಲೇ ಕರೆಂಟ್ ಎಳೆಯೋದು. 12 ಗುಣಿಸು 14, ಅಂದರೆ 168 ವ್ಯಾಟ್. ಪ್ರೊಸೆಸರ್‌ಗೆ 77, ಕಾರ್ಡಿಗೆ 75. ಅಲ್ಲಿಗೇ 152 ಆಯ್ತು. ಇನ್ನು ಹಾರ್ಡ್‌ಡಿಸ್ಕ್, ಫ್ಯಾನು ಬೇರೆ. ಇಷ್ಟು ವರ್ಷ ಧೂಳು ಕುಡಿದ ಎಸ್‌ಎಂಪಿಎಸ್ ಚೀಟಿಯಲ್ಲಿರುವಷ್ಟನ್ನೂ ಕೊಡುತ್ತೆ ಅನ್ನೋ ಭರವಸೆ ನನಗಿಲ್ಲ. ನನ್ನದು ಹೀಗೇ ಒಂದು ರಾತ್ರಿ ಟಪ್ ಎಂದು ಹೋಯಿತು. ಸುಟ್ಟ ವಾಸನೆ. ಮದರ್‌ಬೋರ್ಡನ್ನೂ ಜೊತೆಗೇ ಸುಟ್ಟುಹಾಕಿತ್ತು. ಪ್ರೊಸೆಸರ್, ರ‍್ಯಾಮ್, ಕಾರ್ಡ್ ಎಷ್ಟು ಹಳೆಯದಾದರೂ ಪರವಾಗಿಲ್ಲ, ಎಸ್‌ಎಂಪಿಎಸ್ ಮಾತ್ರ ಹೊಸದೇ ತನ್ನಿ. ಒಳ್ಳೆಯ ಕಂಪನಿಯದು, ವಾರಂಟಿ ಇರೋದು. ಉಳಿದ ದುಡ್ಡಲ್ಲಿ ಇನ್ನೊಂದು 4 ಜಿಬಿ ರ‍್ಯಾಮ್ ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಎರಡು ಕಡ್ಡಿ ಇದ್ದರೆ ಡ್ಯುಯಲ್ ಚಾನೆಲ್ ಆಗುತ್ತೆ, ಅಂದರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ, ಗೇಮ್‌ನಲ್ಲಿ ವ್ಯತ್ಯಾಸ ಕಾಣುತ್ತೆ.

ಉತ್ತರ 2 (ಮೈಸೂರಿನಿಂದ):
ಮಾನಿಟರ್ ಯಾವುದು? ಹಿಂದೆ ಕೇಬಲ್ ಚುಚ್ಚೋಕೆ ನೀಲಿ ವಿಜಿಎ ಪೋರ್ಟ್ ಮಾತ್ರ ಇದ್ದರೆ ಕಷ್ಟ. 1050 ಟಿಐನಲ್ಲಿ ವಿಜಿಎ ಬರೋದಿಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಕನ್ವರ್ಟರ್ ತಗೊಳ್ಳಿ. ಕೇಬಲ್ ಸಿಗ್ತಿಲ್ಲ ಅಂತ ಮದರ್‌ಬೋರ್ಡಿನ ವಿಜಿಎಗೆ ಚುಚ್ಚಿದರೆ ಕಾರ್ಡ್ ಸುಮ್ನೆ ಕೂತಿರುತ್ತೆ. ನನ್ನ ಅಣ್ಣನ ಮಗ ಎರಡು ದಿನ ಹಾಗೇ ಆಡಿ, ಕಾರ್ಡ್ ಕೆಟ್ಟಿದೆ ಅಂತ ಅತ್ತಿದ್ದ.

ಉತ್ತರ 3 (ಬೆಂಗಳೂರಿನಿಂದ):
ಡಿಡಿಆರ್3 ರ‍್ಯಾಮ್ ಎಸ್‌ಪಿ ರೋಡಿನಲ್ಲಿ ಸಿಗುತ್ತೆ. ಲ್ಯಾಪ್‌ಟಾಪಿನ ಗಿಡ್ಡ ಕಡ್ಡಿ ಕೊಟ್ಟರೆ ಬೇಡ ಅನ್ನಿ. ಇನ್ನೊಂದು ವಿಷಯ. ವಿಂಡೋಸ್ 10ಗೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗಿದಿದೆ, ಅಂದರೆ ಮಾಮೂಲಿ ಸುರಕ್ಷತಾ ಅಪ್‌ಡೇಟ್ ಬರೋದಿಲ್ಲ. ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಗೇಮ್‌ಗೆ ಸರಿ, ಬ್ಯಾಂಕಿನ ಕೆಲಸ ಅದರಲ್ಲಿ ಬೇಡ.

ಪ್ರಶ್ನೆ ಕೇಳಿದವರು (ಹತ್ತು ದಿನದ ಮೇಲೆ):
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೊಸ ಎಸ್‌ಎಂಪಿಎಸ್, ರ‍್ಯಾಮ್, ಕನ್ವರ್ಟರ್ ಮೂರೂ ಬಂದವು. ಮೊದಲ ಸಲ ಆನ್ ಮಾಡಿದಾಗ ಬರೀ ಬೀಪ್ ಬೀಪ್. ಎದೆ ಧಸಕ್ ಎಂದಿತು. ಹಳೆ ರ‍್ಯಾಮ್ ಕಡ್ಡಿ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ತಮ್ಮನ ರಬ್ಬರಿನಿಂದ ಉಜ್ಜಿದೆ. ರಬ್ಬರ್ ಕಪ್ಪಾಯಿತು. ಟಕ್ ಎನ್ನುವ ತನಕ ಒತ್ತಿ ಕೂರಿಸಿದೆ, ಡಿಸ್‌ಪ್ಲೇ ಬಂತು! ಜಿಟಿಎ ಚೆನ್ನಾಗಿ ಓಡುತ್ತಿದೆ, ಲೋಡ್ ಆಗೋದು ಮಾತ್ರ ನಿಧಾನ. ಮುಂದಿನ ತಿಂಗಳ ಸಂಬಳದಲ್ಲಿ ಹಾರ್ಡ್‌ಡಿಸ್ಕ್‌ಗಿಂತ ವೇಗವಾಗಿ ಓದುವ ಎಸ್‌ಎಸ್‌ಡಿ ತರುತ್ತೇನೆ. ಅಪ್ಪ ಹಿಂದೆ ನಿಂತು ನೋಡಿ, "ಇದು ನಮ್ಮ ಅಂಗಡೀದೇನಾ?" ಎಂದು ಎರಡು ಸಲ ಕೇಳಿದರು.