ಅಪ್‌ಡೇಟ್: ಮಗಳ ತುರಿಕೆ ಅಟೊಪಿಕ್ ಡರ್ಮಟೈಟಿಸ್ (ಎಕ್ಸಿಮಾ, ಅಂದರೆ ಚರ್ಮ ಒಣಗಿ ಮತ್ತೆ ಮತ್ತೆ ತುರಿಸುವ ರೋಗ) ಎಂದು ಖಚಿತವಾಗಿದೆ

ಮಗಳ ಕೆನ್ನೆ, ಕೈಕಾಲುಗಳ ಮೇಲೆ ಮರುಕಳಿಸುತ್ತಿದ್ದ ತುರಿಕೆಗೆ ಅಲರ್ಜಿಯ ರಕ್ತಪರೀಕ್ಷೆ ಬೇಕೇ, ಹುಟ್ಟಲಿರುವ ಮಗುವಿಗೆ ಇದು ಬಾರದಂತೆ ತಡೆಯಬಹುದೇ ಎಂದು ಹಿಂದೆ ಕೇಳಿದ್ದೆ. ಚರ್ಮರೋಗ ತಜ್ಞರು ರಕ್ತಪರೀಕ್ಷೆ ಬರೆಯಲಿಲ್ಲ. ತುರಿಕೆ, ಒಣಚರ್ಮ, ಡೈಪರ್ ಕಟ್ಟುವ ಜಾಗಕ್ಕೆ ಮಾತ್ರ ಏನೂ ಆಗದಿರುವುದು, ನಮ್ಮ ಯಜಮಾನರಿಗಿರುವ ಆಸ್ತಮಾ, ಇವೆಲ್ಲವನ್ನೂ ಒಟ್ಟಿಗೆ ನೋಡಿ, ಈ ರೋಗವನ್ನು ಲಕ್ಷಣಗಳಿಂದಲೇ ಗುರುತಿಸಬೇಕು ಎಂದು ವಿವರಿಸಿದರು. ಹಾಲು, ಮೊಟ್ಟೆಯನ್ನು ಸುಮ್ಮಸುಮ್ಮನೆ ನಿಲ್ಲಿಸಬೇಡಿ ಎಂದದ್ದು ನನಗೆ ದೊಡ್ಡ ಸಮಾಧಾನ. ಉಗುರುಬೆಚ್ಚಗಿನ ನೀರಿನಲ್ಲಿ 5–10 ನಿಮಿಷದ ಸ್ನಾನ, ಮೈ ಒರೆಸಿದೊಡನೆ ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಚರ್ಮ ಕೆಂಪಾದಾಗ ಅವರು ಹೇಳಿದಷ್ಟು ದಿನ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದೇವೆ. ಆ ಹೆಸರಿಗೇ ಅತ್ತೆಯವರು ಹೆದರಿದ್ದರು, ಆದರೆ ಮಗು ಈಗ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದೆ. ಎರಡನೆಯ ಪ್ರಶ್ನೆಗೆ ಸಿಕ್ಕ ಉತ್ತರ ಮಾತ್ರ ನಿರಾಸೆಯದು: ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಬೀಪ್ (BEEP) ಎಂಬ ಅಧ್ಯಯನದಲ್ಲಿ, ಶಿಶುಗಳಿಗೆ ಹುಟ್ಟಿದ ಮೊದಲ ವರ್ಷವಿಡೀ ನಿತ್ಯ ಮಾಯಿಶ್ಚರೈಸರ್ ಹಚ್ಚಿದರೂ ರೋಗವನ್ನು ತಡೆಯಲಾಗಲಿಲ್ಲ.